ಅಡಿಗೆಮನೆಯ ಮಾತು: ಬೇಸಿಗೆಯ ಟೊಮೇಟೊ, ತುಪ್ಪವಿಲ್ಲದ ಅಂಚುರೊಟ್ಟಿ



ಪುಣೆಯಲ್ಲಿ ಈಗ ಕಡು ಬಿಸಿಲು. ಒಲೆಯ ಮುಂದೆ ನಿಲ್ಲುವುದೇ ಕಷ್ಟವಾಗಿರುವಾಗ ಈಕೆ ಬೇಕ್ ಮಾಡುವ ತಿಂಡಿಯ ಮಾತು ತೆಗೆದಳಲ್ಲ ಎಂದು ನಗಬೇಡಿರಿ. ನಾನು ಹೇಳಲಿರುವ ತಿಂಡಿಯನ್ನು ಬೆಳಿಗ್ಗೆ ಆರು ಗಂಟೆಗೆ ಓವನ್ನಿಗೆ ಇಟ್ಟರೆ ಏಳರೊಳಗೆ ಕೆಲಸ ಮುಗಿಯುತ್ತದೆ. ಆರಿದ ಮೇಲೆಯೇ ಅದಕ್ಕೆ ರುಚಿ ಹೆಚ್ಚು. ಮಧ್ಯಾಹ್ನ ಮಜ್ಜಿಗೆಯ ಜೊತೆಗೋ, ಮಜ್ಜಿಗೆ ಒಗ್ಗದವರು ನಿಂಬೆಯ ಪಾನಕದ ಜೊತೆಗೋ ತಿಂದರೆ ಒಂದು ಹೊತ್ತಿನ ಊಟವೇ ಆಗುತ್ತದೆ.

ಈ ದಿನಗಳಲ್ಲಿ ಮಂಡಯಿಗೆ ಹೋದರೆ ಟೊಮೇಟೊ ಕೆಂಪಗೆ, ಬಿಗಿಯಾಗಿ ರಾಶಿ ಬಿದ್ದಿರುತ್ತದೆ. ಇದೇ ಹಣ್ಣು 2023ರ ಜುಲೈ ತಿಂಗಳಲ್ಲಿ ನಮ್ಮನ್ನು ಹೇಗೆ ಆಟವಾಡಿಸಿತೆಂಬುದು ನಿಮಗೆ ನೆನಪಿರಬೇಕು. ಎಷ್ಟೋ ಊರುಗಳಲ್ಲಿ ಕಿಲೋಗೆ ನೂರು ರೂಪಾಯಿ ದಾಟಿತು. ನಮ್ಮ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋದ ಒಂದು ಪೆಟ್ಟಿಗೆ 2,000 ರೂಪಾಯಿಗೂ ಮೇಲೆ ಹರಾಜಾಯಿತು. ಬೇರೆ ವರ್ಷಗಳಲ್ಲಿ ಅದೇ ಸೀಮೆಯ ರೈತರು ಬೆಲೆಯಿಲ್ಲದೆ ಹಣ್ಣನ್ನು ರಸ್ತೆಯ ಬದಿಗೆ ಸುರಿದದ್ದೂ ಉಂಟು. ಹಾಗಾಗಿ ಹಣ್ಣು ಚೆನ್ನಾಗಿಯೂ ಅಗ್ಗವಾಗಿಯೂ ಇರುವಾಗ ಎರಡು ಕಿಲೋ ಹೆಚ್ಚಿಗೆ ಕೊಂಡು ಉಣ್ಣುವುದು ನಮಗೂ ಲೇಸು, ಬೆಳೆದವರಿಗೂ ಲೇಸು.

ಮೈಸೂರಿನಲ್ಲಿ ನನ್ನ ಅಜ್ಜಿ ಇದನ್ನು ಚಪ್ಪರಬದನೆ ಎನ್ನುತ್ತಿದ್ದರು. ಮಡಿಯ ಅಡಿಗೆಗೆ ಇದನ್ನು ಮುಟ್ಟಿಸುತ್ತಿರಲಿಲ್ಲ. ಅವರ ಪಾಲಿಗೆ ಇದು ಎಲ್ಲಿಂದಲೋ ಬಂದ ಪರದೇಶಿ ಹಣ್ಣು. ಆ ಮಾತು ಸುಳ್ಳಲ್ಲ. ಅಮೆರಿಕಾ ಖಂಡದಲ್ಲಿ ಹುಟ್ಟಿ, ಯೂರೋಪಿನವರ ಕೈಸೇರಿ, ಅಲ್ಲಿಂದ ನಮ್ಮ ದೇಶಕ್ಕೆ ಬಂದ ಹಣ್ಣು ಇದು. ಇಂದು ಟೊಮೇಟೊ ಇಲ್ಲದೆ ನನ್ನ ಮನೆಯಲ್ಲಿ ಸಾರಿಲ್ಲ. ಅಜ್ಜಿ ಕೂಡದೆಂದದ್ದು ನನಗೆ ನಿತ್ಯದ ಪದಾರ್ಥವಾಯಿತು. ಹಾಗೆಯೇ ನನಗೆ ನಿತ್ಯದ್ದಾಗಿದ್ದ ಒಂದು ಪದಾರ್ಥ ನನ್ನ ಮೊಮ್ಮಗಳಿಗೆ ಕೂಡದ್ದಾಯಿತು. ಆ ಪದಾರ್ಥ ತುಪ್ಪ. ಈ ಸಲದ ಅಡಿಗೆಯ ಹಿಂದೆ ಆ ಕಥೆಯಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಇನ್ನೊಬ್ಬ ಅಜ್ಜಿಗೆ ಅದರಿಂದ ಉಪಯೋಗವಾದೀತು.

ನನ್ನ ಮೊಮ್ಮಗಳಿಗೆ ಹಾಲು ಆಗದು. ಒಂದೂವರೆ ವರ್ಷದ ಮಗುವಾಗಿದ್ದಾಗಲೇ ವೈದ್ಯರು ಅಲರ್ಜಿ ಎಂದು ಹೇಳಿ ಹಾಲು ಮತ್ತು ಹಾಲಿನ ಪದಾರ್ಥಗಳನ್ನೆಲ್ಲ ನಿಲ್ಲಿಸಿದ್ದರು. ಹಾಲು, ಮೊಸರು, ಪೇಡಾಗಳನ್ನು ನಾನೂ ಕೊಡುತ್ತಿರಲಿಲ್ಲ. ಆದರೆ ತುಪ್ಪದ ವಿಷಯದಲ್ಲಿ ನನ್ನ ಮನಸ್ಸು ಒಪ್ಪಲಿಲ್ಲ. ಬೆಣ್ಣೆ ಕಾಸಿ, ಸೋಸಿ ತೆಗೆದ ತುಪ್ಪದಲ್ಲಿ ಹಾಲಿನ ಅಂಶ ಎಲ್ಲಿಂದ ಬಂತು ಎಂಬುದು ನನ್ನ ವಾದ. ನನ್ನ ಸೊಸೆ ಧಾರವಾಡದ ಕಡೆಯವಳು. "ಬ್ಯಾಡ್ರಿ ಅತ್ತಿ, ತುಪ್ಪನೂ ಹಾಲಿಂದ ಆಗೂದಲ್ಲೇನ್ರಿ" ಎಂದು ಎಷ್ಟೋ ಸಲ ಹೇಳಿದ್ದಳು. ಈ ಕಾಲದ ಹುಡುಗಿಯರಿಗೆ ಭಯ ಹೆಚ್ಚು ಎಂದುಕೊಂಡು ನಾನು ಸುಮ್ಮನಾಗುತ್ತಿದ್ದೆ.

ಹೋದ ವರ್ಷದ ಯುಗಾದಿಯ ದಿನ. ಎಲ್ಲರ ಎಲೆಯಲ್ಲೂ ಒಬ್ಬಟ್ಟಿನ ಮೇಲೆ ತುಪ್ಪ ಹೊಳೆಯುತ್ತಿತ್ತು. ಮಗುವಿನದು ಮಾತ್ರ ಒಣಗಿಕೊಂಡಿತ್ತು. ನಾಲ್ಕು ವರ್ಷದ ಕೂಸು ಹಬ್ಬದ ದಿನ ಒಣ ಒಬ್ಬಟ್ಟು ತಿನ್ನಬೇಕೇ ಎಂದು ನನಗೆ ಕರುಳು ಚುರುಕ್ಕೆಂದಿತು. ಸೊಸೆ ಒಳಗೆ ಹೋದಾಗ ಒಂದು ಚಮಚ ತುಪ್ಪ ಬಡಿಸಿಬಿಟ್ಟೆ. ಹತ್ತು ನಿಮಿಷವಾಗಿರಲಿಲ್ಲ, ಮಗುವಿನ ತುಟಿ ಊದಿಕೊಂಡಿತು. ಮೈಮೇಲೆಲ್ಲ ದದ್ದು ಎದ್ದವು. ಕೆಮ್ಮುತ್ತಾ ವಾಂತಿ ಮಾಡಿತು. ಎಲೆಗಳನ್ನು ಹಾಗೆಯೇ ಬಿಟ್ಟು ಆಸ್ಪತ್ರೆಗೆ ಓಡಿದೆವು. ವೈದ್ಯರು ಚುಚ್ಚುಮದ್ದು ಕೊಟ್ಟು ರಾತ್ರಿಯೆಲ್ಲ ಅಲ್ಲಿಯೇ ಇರಿಸಿಕೊಂಡರು. ಮಗು ಉಳಿಯಿತು. ಸೊಸೆ ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ವೈದ್ಯರು ನನ್ನನ್ನು ಕೂರಿಸಿಕೊಂಡು ತಿಳಿಯ ಹೇಳಿದರು. ಹಾಲು ಒಗ್ಗದಿರುವುದರಲ್ಲಿ ಎರಡು ಬಗೆಯುಂಟಂತೆ. ಕೆಲವರಿಗೆ ಹಾಲಿನಲ್ಲಿರುವ ಸಕ್ಕರೆ ಅರಗುವುದಿಲ್ಲ. ಅಂಥವರಿಗೆ ಹೊಟ್ಟೆಯುಬ್ಬರ, ಭೇದಿ ಆದೀತು, ಪ್ರಾಣಕ್ಕೆ ಅಪಾಯವಿಲ್ಲ. ಅಲರ್ಜಿ ಎಂಬುದು ಬೇರೆ. ಹಾಲಿನ ಸಸಾರಜನಕ, ಎಂದರೆ ಪ್ರೋಟೀನನ್ನು, ದೇಹ ಶತ್ರುವೆಂದು ತಿಳಿದು ಅದರ ಮೇಲೆ ಯುದ್ಧಕ್ಕೆ ನಿಲ್ಲುತ್ತದೆ. ತುಪ್ಪದಲ್ಲಿ ಇರುವುದೆಲ್ಲ ಜಿಡ್ಡೇ ಆದರೂ, ಎಷ್ಟು ಸೋಸಿದರೂ ಆ ಸಸಾರಜನಕದ ಲೇಶ ಉಳಿದಿರಬಹುದು. ಕೆಲವು ಮಕ್ಕಳಿಗೆ ಆ ಲೇಶವೇ ಸಾಕು. ಬಹಳ ಮಕ್ಕಳಿಗೆ ಬೆಳೆದಂತೆ ಈ ತೊಂದರೆ ತಾನಾಗಿ ಹೋಗುತ್ತದೆ. ಆದರೆ ಹೋಯಿತೇ ಇಲ್ಲವೇ ಎಂದು ಪರೀಕ್ಷಿಸಬೇಕಾದವರು ವೈದ್ಯರೇ ಹೊರತು ಅಜ್ಜಿಯರಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಮಗುವಿಗೊಂದು, ಮಿಕ್ಕವರಿಗೊಂದು ಎಂದು ಅಡಿಗೆ ಎರಡಾಯಿತು. ಮಗುವಿಗೆ ತಟ್ಟೆ ಬೇರೆ, ಚಮಚ ಬೇರೆ. ಮನೆಯಲ್ಲಿ ಹೇಗೋ ನಡೆಯುತ್ತಿತ್ತು. ಸಂಘದ ಸಮಾರಂಭಗಳಲ್ಲಿ ಮಾತ್ರ ನೋಡಲಾಗುತ್ತಿರಲಿಲ್ಲ. ಮಿಕ್ಕ ಮಕ್ಕಳು ಪಾಯಸ, ಕೇಕು, ಪುಲಾವು ತಿನ್ನುವಾಗ ಇವಳು ಮೂಲೆಯ ಕುರ್ಚಿಯಲ್ಲಿ ಮನೆಯಿಂದ ಒಯ್ದ ಬಾಳೆಹಣ್ಣು ಸುಲಿದುಕೊಂಡು ಕೂತಿರುತ್ತಿದ್ದಳು. ಎಲ್ಲರೂ ಒಟ್ಟಿಗೆ ಕೂತು ತಿನ್ನಬಹುದಾದ ಒಂದು ಹಬ್ಬದಂಥ ತಿಂಡಿ ಬೇಕು ಎಂದು ನನಗೆ ಹಠ ಹಿಡಿಯಿತು.

ಉಪಾಯ ಹೇಳಿದವಳು ಸೊಸೆಯೇ. ಮದುವೆಗೆ ಮೊದಲು ಅವಳು ಕಚೇರಿಯ ಕೆಲಸದ ಮೇಲೆ ಒಂದು ವರ್ಷ ಫ್ರಾನ್ಸ್ ದೇಶದಲ್ಲಿ ಇದ್ದಳು. ಅಲ್ಲಿಯ ಮನೆಗಳಲ್ಲಿ ಬೇಸಿಗೆ ಬಂತೆಂದರೆ ತೆಳ್ಳಗೆ ಲಟ್ಟಿಸಿದ ಹಿಟ್ಟಿಗೆ ಅರೆದ ಸಾಸಿವೆ ಸವರಿ, ಮೇಲೆ ಟೊಮೇಟೊ ಬಿಲ್ಲೆಗಳನ್ನು ಹೊಂದಿಸಿ ಬೇಯಿಸುತ್ತಾರಂತೆ. ಹಿಟ್ಟಿಗೆ ಬೆಣ್ಣೆ ಹಾಕುವುದು ಅವರ ಪದ್ಧತಿ. "ಬೆಣ್ಣಿ ಬದ್ಲಿ ಎಣ್ಣಿ ಹಾಕೂಣು, ಸಾಸ್ವಿ ಬದ್ಲಿ ನಮ್ಮ ಶೇಂಗಾ ಚಟ್ನಿಪುಡಿ ಹಾಕೂಣು ಅತ್ತಿ" ಎಂದಳು. ನಾನು ಮೈಸೂರಿನವಳು, ಧಾರವಾಡದವರು ಎಲ್ಲದಕ್ಕೂ ಶೇಂಗಾ ಹಾಕುತ್ತಾರೆಂದು ಹಿಂದೆ ಎಷ್ಟೋ ಸಲ ಆಡಿಕೊಂಡಿದ್ದೆ. ಈ ಸಲ ತೆಪ್ಪಗೆ ಒರಳು ತೆಗೆದುಕೊಟ್ಟೆ.

ಮೊದಲ ಸಲ ಮಾಡಿದ್ದು ಕೆಟ್ಟಿತು. ಮೇಲೆ ನೋಡಲು ಚೆಂದ, ತಳ ಮಾತ್ರ ಒದ್ದೆ ಚಿಂದಿಯಂತೆ. ಎರಡನೆಯ ಸಲ ತಳ ಚೆನ್ನಾಗಿ ಬಂತು. ಆದರೆ ಆತುರಪಟ್ಟು ಬಿಸಿಯಲ್ಲೇ ಕೊಯ್ದು ರಸವೆಲ್ಲ ಹರಿದುಹೋಯಿತು. ಮೂರನೆಯ ಸಲಕ್ಕೆ ಗುಟ್ಟು ತಿಳಿಯಿತು. ಟೊಮೇಟೊವಿನ ತೂಕದಲ್ಲಿ ನೂರಕ್ಕೆ ತೊಂಬತ್ತನಾಲ್ಕು ಪಾಲಿನಷ್ಟು ನೀರೇ ಇರುತ್ತದೆ. ಆ ನೀರನ್ನು ಓವನ್ನಿಗೆ ಹೋಗುವ ಮೊದಲೇ ಹೊರಗೆ ಕರೆಯಬೇಕು. ಹೋದ ಮೇಲೆ ಉಳಿದದ್ದನ್ನು ಆರುವಾಗ ಇಂಗಗೊಡಬೇಕು. ಈ ಅಡಿಗೆಯಲ್ಲಿ ಜಾಣತನಕ್ಕಿಂತ ತಾಳ್ಮೆಯ ಕೆಲಸ ಹೆಚ್ಚು. ಅಂಚು ಮಡಿಸಿದ ರೊಟ್ಟಿಯಾದ್ದರಿಂದ ಮೊಮ್ಮಗಳು ಇದಕ್ಕೆ ಅಂಚುರೊಟ್ಟಿ ಎಂದು ಹೆಸರಿಟ್ಟಳು. ಇನ್ನು ಮಾಡುವ ಕ್ರಮ.

ಬೇಕಾಗುವ ಪದಾರ್ಥಗಳು (ಆರು ತುಂಡಿಗೆ)

ಗೋಧಿ ಹಿಟ್ಟು 100 ಗ್ರಾಂ, ಮೈದಾ 100 ಗ್ರಾಂ, ಎಣ್ಣೆ 60 ಮಿಲಿ (ಎಂದರೆ ನಾಲ್ಕು ದೊಡ್ಡ ಚಮಚ), ತಣ್ಣೀರು ಸುಮಾರು 70 ಮಿಲಿ, ಹಿಟ್ಟಿಗೆ ಉಪ್ಪು ಅರ್ಧ ಚಹಾಚಮಚ, ಟೊಮೇಟೊ 600 ಗ್ರಾಂ, ಅದಕ್ಕೆ ಸವರಲು ಉಪ್ಪು ಒಂದು ಚಹಾಚಮಚ, ಈರುಳ್ಳಿ ಎರಡು, ಶೇಂಗಾ ಚಟ್ನಿಪುಡಿ ಮೂರು ದೊಡ್ಡ ಚಮಚ, ಮೆಣಸಿನಪುಡಿ ಚಿಟಿಕೆ, ಒಗ್ಗರಣೆಗೆಂದು ಬೇರೆಯಾಗಿ ಒಂದು ಚಮಚ ಎಣ್ಣೆ, ಮೇಲೆ ಉದುರಿಸಲು ಕಾಮಕಸ್ತೂರಿ ಎಲೆ ಅಥವಾ ಕೊತ್ತಂಬರಿ ಸೊಪ್ಪು.

ಹಣ್ಣನ್ನು ಆರಿಸುವಾಗ ಗಮನಿಸಿರಿ. ಗುಂಡಗೆ, ತೆಳು ಸಿಪ್ಪೆಯ, ಹುಳಿ ಹೆಚ್ಚಾದ ನಾಟಿ ಹಣ್ಣು ಸಾರಿಗೆ ಶ್ರೇಷ್ಠ. ಆದರೆ ನೀರು ಬಹಳ. ಮೊಟ್ಟೆಯಾಕಾರದ ಹೈಬ್ರಿಡ್ ಹಣ್ಣಿನಲ್ಲಿ ತಿರುಳು ಹೆಚ್ಚು, ಬಿಲ್ಲೆ ಮುರಿಯುವುದಿಲ್ಲ, ರುಚಿ ಮಾತ್ರ ಸ್ವಲ್ಪ ಸಪ್ಪೆ. ನಾನು ಎರಡನ್ನೂ ಸಮಸಮ ತೆಗೆದುಕೊಳ್ಳುತ್ತೇನೆ. ಚೆನ್ನಾಗಿ ಕೆಂಪಾಗಿ, ಒತ್ತಿದರೆ ಗಟ್ಟಿಯಾಗಿರಬೇಕು. ಶೀತಪೆಟ್ಟಿಗೆಯಲ್ಲಿ ಇಟ್ಟ ಹಣ್ಣಿಗೆ ಪರಿಮಳ ಕಡಿಮೆ. ಆ ದಿನದ್ದನ್ನೇ ಬಳಸಿರಿ.

ಮಾಡುವ ವಿಧಾನ

ಮೊದಲು ಟೊಮೇಟೊಗಳನ್ನು ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿರಿ. ತೂತಿನ ಜಾಲರಿಯಲ್ಲಿ ಹರಡಿ, ಉಪ್ಪು ಉದುರಿಸಿ, ಕೆಳಗೊಂದು ಬೋಗುಣಿ ಇಟ್ಟು ನಲವತ್ತು ನಿಮಿಷ ಬಿಡಿರಿ. ಉಪ್ಪು ಹಣ್ಣಿನೊಳಗಿನ ನೀರನ್ನು ಎಳೆದು ಕೆಳಗಿಳಿಸುತ್ತದೆ. ಆಮೇಲೆ ಬಿಲ್ಲೆಗಳನ್ನು ಒಗೆದ ಒಣಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಮೇಲಿಂದಲೂ ಬಟ್ಟೆಯಿಂದ ಹಗುರವಾಗಿ ಒತ್ತಿ ತೆಗೆಯಿರಿ. ಬೋಗುಣಿಯ ನೀರನ್ನು ಚೆಲ್ಲಬೇಡಿರಿ. ಸಾರಿಗೋ ಅಕ್ಕಿರೊಟ್ಟಿಯ ಹಿಟ್ಟಿಗೋ ಆಗುತ್ತದೆ. ಅದರಲ್ಲಿ ಉಪ್ಪಿದೆ ಎಂಬುದನ್ನು ಮರೆಯದಿದ್ದರಾಯಿತು.

ಆ ನಲವತ್ತು ನಿಮಿಷದಲ್ಲಿ ಹಿಟ್ಟಿನ ಕೆಲಸ. ಎರಡು ಹಿಟ್ಟು, ಉಪ್ಪು ಬೆರೆಸಿ, ಎಣ್ಣೆಯನ್ನು ಬಿಸಿಮಾಡಿ ಸುರಿದು, ಮೊದಲು ಚಮಚದಿಂದಲೂ ಆರಿದ ಮೇಲೆ ಬೆರಳಿನಿಂದಲೂ ತಿಕ್ಕಿರಿ. ಕೋಡುಬಳೆಗೆ, ನಿಪ್ಪಟ್ಟಿಗೆ ಕಾದ ಎಣ್ಣೆ ಹಾಕುವುದಿಲ್ಲವೇ, ಇಲ್ಲಿಯೂ ಅದೇ ಕ್ರಮ. ಪುಣೆಯ ನೆರೆಯವರು ಇದನ್ನು ಮೋಹನ್ ಹಾಕುವುದು ಎನ್ನುತ್ತಾರೆ. ಎಣ್ಣೆ ಹಿಟ್ಟಿನ ಕಣಗಳಿಗೆ ಸವರಿಕೊಳ್ಳುವುದರಿಂದ ಹಿಟ್ಟು ನಾರಾಗದೆ ಗರಿಮುರಿಯಾಗುತ್ತದೆ. ಬೆಣ್ಣೆಯಂತೆ ಪದರ ಪದರವಾಗಿ ಏಳುವುದಿಲ್ಲ, ನಿಜ. ಆದರೆ ಬಾಯಲ್ಲಿ ಕರಗುವ ಹದ ಬರುತ್ತದೆ. ಹಿಡಿದರೆ ಮುದ್ದೆಯಾಗುವಂತಾದಾಗ ತಣ್ಣೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕೂಡಿಸಿರಿ. ಚಪಾತಿಯಂತೆ ನಾದಬೇಡಿರಿ. ಒದ್ದೆಬಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಿರಿ.

ಈರುಳ್ಳಿಯನ್ನು ಉದ್ದುದ್ದ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಬರುವವರೆಗೆ ಬಾಡಿಸಿ ಆರಿಸಿರಿ. ಹದಿನೈದು ನಿಮಿಷ ಹಿಡಿಯುತ್ತದೆ. ಉರಿ ಹೆಚ್ಚಿಸಿ ಅವಸರ ಮಾಡಿದರೆ ಕಹಿಯಾಗುತ್ತದೆ.

ಓವನ್ನನ್ನು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಡಿರಿ. ಹಿಟ್ಟನ್ನು ಬೇಕಿಂಗ್ ಕಾಗದದ ಮೇಲೆ ಸುಮಾರು 30 ಸೆಂಟಿಮೀಟರ್ ಅಗಲಕ್ಕೆ, ಜೋಳದ ರೊಟ್ಟಿಯಷ್ಟು ದಪ್ಪಗೆ ಲಟ್ಟಿಸಿರಿ. ಅಂಚು ಒಡೆದರೆ ಬೆರಳಿನಿಂದ ಒತ್ತಿದರೆ ಸಾಕು, ಒರಟು ಅಂಚೇ ಇದಕ್ಕೆ ಶೋಭೆ. ಕಾಗದದ ಸಮೇತ ತಗಡಿನ ತಟ್ಟೆಗೆ ಜಾರಿಸಿ. ಸುತ್ತ ನಾಲ್ಕು ಬೆರಳು ಅಂಚು ಬಿಟ್ಟು, ನಡುವೆ ಚಟ್ನಿಪುಡಿಯನ್ನು ಒಂದೇ ಸಮ ಹರಡಿರಿ. ಇದು ರುಚಿಗೆ ಮಾತ್ರವಲ್ಲ. ಉಳಿದ ರಸವನ್ನು ಹೀರಿಕೊಂಡು ತಳವನ್ನು ಒಣಗಿಸಿಡುತ್ತದೆ. ಅದರ ಮೇಲೆ ಈರುಳ್ಳಿ, ಈರುಳ್ಳಿಯ ಮೇಲೆ ಟೊಮೇಟೊ ಬಿಲ್ಲೆಗಳು, ಒಂದರ ಮೇಲೊಂದು ಸ್ವಲ್ಪ ಏರುವಂತೆ. ಮೆಣಸಿನಪುಡಿ ಉದುರಿಸಿ, ಅಂಚನ್ನು ಸೀರೆಯ ನಿರಿಗೆ ಹಿಡಿದಂತೆ ಒಳಕ್ಕೆ ಮಡಿಸುತ್ತಾ ಬನ್ನಿರಿ. ಅಂಚಿಗೆ ಬೆರಳಿನಿಂದ ಎಣ್ಣೆ ಸವರಿರಿ. ಈ ಮಡಿಸುವ ಕೆಲಸವನ್ನು ಮಕ್ಕಳಿಗೆ ಬಿಟ್ಟುಕೊಡಿರಿ, ಸೊಟ್ಟಗಾದರೂ ಚಿಂತೆಯಿಲ್ಲ.

ಓವನ್ನಿನ ಕೆಳಗಿನ ಅಂತಸ್ತಿನಲ್ಲಿಟ್ಟು ನಲವತ್ತರಿಂದ ನಲವತ್ತೈದು ನಿಮಿಷ ಬೇಯಿಸಿರಿ. ಅಂಚು ಕಂದುಬಣ್ಣಕ್ಕೆ ಬಂದು, ಟೊಮೇಟೊವಿನ ಮೈ ಸುಕ್ಕುಗಟ್ಟಿದರೆ ಆಯಿತು. ಹೊರಗೆ ತೆಗೆದು ಹದಿನೈದು ನಿಮಿಷ ಮುಟ್ಟಬೇಡಿರಿ. ಆಮೇಲೆ ಎಲೆಗಳನ್ನು ಹರಿದು ಉದುರಿಸಿ, ಕೊಯ್ಯಿರಿ. ಇಟಲಿ, ಫ್ರಾನ್ಸ್ ದೇಶದವರು ಟೊಮೇಟೊವಿನ ಜೊತೆ ಹಾಕುವ ಸುವಾಸನೆಯ ಎಲೆ ಬೇರೆ ಏನೂ ಅಲ್ಲ, ನಾವು ಹೂಮಾಲೆಗೆ ಸೇರಿಸಿ ಕಟ್ಟುವ ಕಾಮಕಸ್ತೂರಿಯೇ. ಮುಂಬಯಿ, ಪುಣೆಗಳ ಹೂವಿನ ಕುಂಡದಲ್ಲಿಯೂ ಅದು ಸಲೀಸಾಗಿ ಬರುತ್ತದೆ.

ಚೀಸು, ಬೆಣ್ಣೆ ಇಲ್ಲದೆ ರುಚಿ ಎಲ್ಲಿಂದ ಬರಬೇಕೆಂದು ಕೇಳುವವರಿಗೆ ಒಂದು ಮಾತು. ಹಳೆಯ ಚೀಸಿಗೆ ಬಾಯಿ ತುಂಬುವ ರುಚಿ ಕೊಡುವ ಗ್ಲುಟಮೇಟ್ ಎಂಬ ಅಂಶ ಚೆನ್ನಾಗಿ ಹಣ್ಣಾದ ಟೊಮೇಟೊವಿನಲ್ಲಿ ಹುಟ್ಟಿನಿಂದಲೇ ಇದೆ. ಬೀಜದ ಸುತ್ತಲಿನ ಲೋಳೆಯಲ್ಲಿ ಹೆಚ್ಚು. ಆದ್ದರಿಂದ ಬೀಜ ತೆಗೆಯಬೇಡಿರಿ. ನೀರು ಇಂಗಿದಷ್ಟೂ ಆ ರುಚಿ ಗಟ್ಟಿಯಾಗುತ್ತದೆ.

ಓವನ್ ಇಲ್ಲದವರು ನಿರಾಶರಾಗಬೇಕಿಲ್ಲ. ನನ್ನ ಅತ್ತೆಯವರು ಮರಳು ತುಂಬಿದ ಪಾತ್ರೆಯನ್ನು ಇದ್ದಿಲ ಒಲೆಯ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ನಾನ್‌ಖಟಾಯಿ ಮಾಡುತ್ತಿದ್ದರು. ಅದೇ ಉಪಾಯ: ದಪ್ಪ ತಳದ ಅಗಲ ಪಾತ್ರೆಯಲ್ಲಿ ಒಂದಂಗುಲ ಹರಳುಪ್ಪು ಹರಡಿ, ನಡುವೆ ಒಂದು ಕುಕ್ಕೆಯಂಥ ಉಂಗುರವಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿರಿ. ರೊಟ್ಟಿಯನ್ನು ಚಿಕ್ಕದಾಗಿ ಮಾಡಿ, ತಟ್ಟೆಯ ಸಮೇತ ಒಳಗಿಟ್ಟು ಸಣ್ಣ ಉರಿಯಲ್ಲಿ ಐವತ್ತು ನಿಮಿಷ ಬೇಯಿಸಿರಿ. ಮೇಲ್ಭಾಗ ಕಂದಾಗದು, ತಳ ಗರಿಯಾಗುತ್ತದೆ. ಮುಂಬಯಿ, ಚೆನ್ನೈಗಳ ತೇವದ ಹವೆಯಲ್ಲಿ ಸಂಜೆಯ ಹೊತ್ತಿಗೆ ಮೆತ್ತಗಾದರೆ ಕಾದ ಹೆಂಚಿನ ಮೇಲೆ ಐದು ನಿಮಿಷ ಇಟ್ಟರೆ ಮತ್ತೆ ಗರಿಯಾದೀತು. ಶೇಂಗಾ ಆಗದವರಿರುವ ಮನೆಯಲ್ಲಿ ಹುರಿಗಡಲೆಯ ಪುಡಿ ಹಾಕಿರಿ.

ಇನ್ನು ಕೊನೆಯ ಮಾತು. ಈ ತಿಂಗಳು ಸಂಘದ ಮಕ್ಕಳ ಕನ್ನಡ ಶಿಬಿರ ಮುಗಿದ ದಿನ ಎಲ್ಲರೂ ಮನೆಯಿಂದ ಒಂದೊಂದು ತಿಂಡಿ ತಂದಿದ್ದರು. ನಾವು ಎರಡು ತಟ್ಟೆ ಅಂಚುರೊಟ್ಟಿ ಒಯ್ದೆವು. ಸೊಸೆ ಒಂದು ಚೀಟಿಯಲ್ಲಿ ಅದರಲ್ಲಿ ಏನೇನಿದೆ ಎಂದು ಬರೆದು ಮುಂದೆ ಇಟ್ಟಳು. ಮೊಮ್ಮಗಳು ಮೂಲೆಯ ಕುರ್ಚಿಗೆ ಹೋಗಲಿಲ್ಲ. ಮೇಜಿನ ಹಿಂದೆ ನಿಂತು, "ಇದು ನಾನು ಮಡಿಸಿದ್ದು, ಇದು ಅಮ್ಮ ಮಡಿಸಿದ್ದು" ಎಂದು ಹೇಳುತ್ತಾ ಒಬ್ಬೊಬ್ಬರಿಗೂ ತಾನೇ ಬಡಿಸಿದಳು. ಎಲ್ಲ ಮುಗಿದ ಮೇಲೆ ತನಗೊಂದು ತುಂಡು ಉಳಿಯಿತೇ ಎಂದು ನೋಡಿ, ನನ್ನ ಪಕ್ಕದಲ್ಲಿ ಬಂದು ಕೂತು ತಿಂದಳು.

ಆ ದಿನ ನನ್ನ ಬಳಿ ಬಂದು, ತಮ್ಮ ಮಗುವಿಗೂ ಮೊಟ್ಟೆ ಆಗದು, ಗೋಧಿ ಆಗದು ಎಂದು ಮೆಲ್ಲಗೆ ಹೇಳಿದ ತಾಯಂದಿರು ಮೂವರು. ನಮ್ಮೊಳಗೇ ಇಷ್ಟು ಮಕ್ಕಳು ಬಾಳೆಹಣ್ಣು ಸುಲಿಯುತ್ತಾ ಕೂತಿದ್ದರು, ನಮಗೆ ಗೊತ್ತಿರಲಿಲ್ಲ. ಅದಕ್ಕಾಗಿ ನಿಮ್ಮಲ್ಲಿ ನನ್ನದೊಂದು ಪ್ರಾರ್ಥನೆ. ಸಂಘಕ್ಕೆ ತಿಂಡಿ ತರುವಾಗ ಪಾತ್ರೆಯ ಮುಂದೆ ಒಂದು ಚೀಟಿ ಇಡಿರಿ. ತುಪ್ಪ, ಹಾಲು, ಮೊಟ್ಟೆ, ಗೋಧಿ, ಶೇಂಗಾ, ಗೋಡಂಬಿ, ಇವುಗಳಲ್ಲಿ ಏನಿದೆಯೋ ಅದನ್ನು ಬರೆಯಿರಿ. ಒಂದು ಪಾತ್ರೆಯ ಸೌಟನ್ನು ಇನ್ನೊಂದಕ್ಕೆ ಹಾಕಬೇಡಿರಿ. ಅಂಗಡಿಯ ಪೊಟ್ಟಣವಾದರೆ ಹಸಿರು ಗುರುತನ್ನು ನಂಬಿ ಕೂರಬೇಡಿರಿ. ಹಸಿರು ಗುರುತು ಸಸ್ಯಾಹಾರ ಎಂದು ಹೇಳುತ್ತದೆಯೇ ಹೊರತು ಹಾಲಿಲ್ಲ ಎಂದು ಹೇಳುವುದಿಲ್ಲ. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದನ್ನು ಕನ್ನಡಕ ಹಾಕಿಕೊಂಡು ಓದಿರಿ. ಮತ್ತು ಯಾವ ತಾಯಿಯಾದರೂ "ಬೇಡ" ಎಂದರೆ, "ಒಂದು ಚೂರಿಗೆ ಏನಾಗುತ್ತದೆ" ಎಂದು ಒತ್ತಾಯ ಮಾಡಬೇಡಿರಿ. ಒಂದು ಚೂರಿಗೆ ಏನಾಗುತ್ತದೆಂದು ನಾನು ನೋಡಿದ್ದೇನೆ.

ಟೊಮೇಟೊ ಅಗ್ಗವಾಗಿರುವ ಈ ಕೆಲವು ವಾರಗಳಲ್ಲಿ ಮಾಡಿ ನೋಡಿರಿ. ಮಳೆಗಾಲ ಹಿಡಿದ ಮೇಲೆ ಹಣ್ಣಿನಲ್ಲಿ ನೀರು ಹೆಚ್ಚು, ರುಚಿ ಕಡಿಮೆ. ಹೇಗೆ ಬಂತೆಂದು ಬರೆದು ತಿಳಿಸಿರಿ, ಕೆಟ್ಟರೂ ತಿಳಿಸಿರಿ. ಮೊಟ್ಟೆ, ಗೋಧಿ ಆಗದ ಮಕ್ಕಳಿಗೆ ನೀವು ಏನು ಮಾಡಿಕೊಡುತ್ತೀರೆಂದು ಬರೆದರಂತೂ ಮುಂದಿನ ಸಂಚಿಕೆಯ ಈ ಪುಟ ನಿಮ್ಮದೇ.